ನಾಲ್ಕನೇ ನಂಬರಿನ ಜಾಗದಲ್ಲಿ

ಬಸ್ ಡ್ರೈವರ್ ಸ್ತಾಮೆನ್ ಸತ್ತ ನಲವತ್ತನೇ ದಿನದ ನೋಟೀಸನ್ನು ನಾನು ಮೊದಲು ಕಂಡದ್ದು ನಮ್ಮ ಕಟ್ಟಡದ ಮುಂದಿನ ಲಿಂಡನ್ ಮರದ ಮೇಲೆ. ಗುರುವಾರ ಮಧ್ಯಾಹ್ನ, ಡೈರಿಯ ಪ್ರಯೋಗಾಲಯದಲ್ಲಿ ಪಾಳಿ ಮುಗಿಸಿ ಬರುತ್ತಿದ್ದೆ. ಎಲ್ಲರೂ ನೋಡುವಷ್ಟೇ ನೋಡಿದೆ: ಫೋಟೋ, ಹೆಸರು, ಶನಿವಾರ ಸ್ಮಶಾನದಲ್ಲಿ ಪ್ರಾರ್ಥನೆ ಎಷ್ಟು ಗಂಟೆಗೆ ಎಂಬುದು. ಮುಂದೆ ಹೋದ ಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಫೋಟೋದ ಕೆಳಗೆ ನಾಲ್ಕು ಗಿಡ್ಡ ಸಾಲುಗಳ ಪದ್ಯ ಇರಬೇಕಿತ್ತು. ಅದರ ಬದಲು ಅಂಚಿನಿಂದ ಅಂಚಿಗೆ ತುಂಬಿದ ಗದ್ಯವಿತ್ತು. ಹಿಂದಿರುಗಿ ಬಂದು ಓದಿದೆ.

‘ಕೊನೆಯ ಪ್ರಯಾಣಿಕ ಇಳಿದ ಮೇಲೆ ಆತ ಬಸ್ಸನ್ನು ಬೇಲಿಯ ಪಕ್ಕ ನಿಲ್ಲಿಸಿ ದೀಪಗಳನ್ನೆಲ್ಲ ಆರಿಸುತ್ತಿದ್ದ. ಆದರೆ ಇಳಿಯುತ್ತಿರಲಿಲ್ಲ. ಕತ್ತಲಲ್ಲಿ ಕೂತು ಕುಂಬಳದ ಬೀಜ ತಿನ್ನುತ್ತಿದ್ದ. ಮನೆ ಎದುರಿಗೇ ಇತ್ತು, ಅಡುಗೆಮನೆಯ ಕಿಟಕಿಯಲ್ಲಿ ಬೆಳಕಿತ್ತು. ಇಡೀ ದಿನ ಜನರನ್ನು ಅವರವರ ಮನೆಗೆ ಮುಟ್ಟಿಸಿದವನಿಗೆ ತನ್ನ ಮನೆಗೆ ಹೋಗಲು ಸ್ವಲ್ಪ ಧೈರ್ಯ ಬೇಕಾಗುತ್ತಿತ್ತು. ಧೈರ್ಯ ಬಂದ ಮೇಲೆ ತೊಡೆಯ ಮೇಲಿನ ಸಿಪ್ಪೆ ಕೊಡವಿ ಇಳಿಯುತ್ತಿದ್ದ.’

ಸಾಲುಗಳು ನನಗೆ ಹೊಸವಲ್ಲ. ಹಿಂದಿನ ಭಾನುವಾರವಷ್ಟೇ ನನ್ನ ಅಡುಗೆಮನೆಯ ಮೇಜಿನ ಮೇಲೆ ಅವನ್ನು ಓದಿದ್ದೆ. ಅವು ನನ್ನ ಗೆಳತಿ ರುಸಾಂಕಾ ಬರೆದ ಕಥೆಯವು. ಅದುವರೆಗೆ ಆ ಕಥೆಯನ್ನು ಓದಿದವಳು ನಾನೊಬ್ಬಳೇ. ಬರುವ ಭಾನುವಾರ, ಗ್ರಂಥಾಲಯವೂ ಸಭಾಂಗಣವೂ ಒಂದೇ ಆಗಿರುವ ಊರಿನ ಓದುಮನೆಯಲ್ಲಿ ಅವಳು ಅದನ್ನು ಜನರೆದುರು ಓದುವವಳಿದ್ದಳು, ಜೀವನದಲ್ಲಿ ಮೊದಲ ಸಲ, ಅದೂ ಹೆಸರುಗಳನ್ನೆಲ್ಲ ಬದಲಾಯಿಸಿ. ಈಗ ಅದರ ಒಂದು ತುಂಡು ಸ್ತಾಮೆನ್‌ನ ಫೋಟೋದ ಕೆಳಗೆ, ಅವನದೇ ಹೆಸರಿನ ಜೊತೆ ಮರಕ್ಕೆ ಅಂಟಿಕೊಂಡಿತ್ತು. ಸ್ತಾಮೆನ್‌ನ ಹೆಂಡತಿ ವೆಲಿಕಾ ಅದೇ ಊರಿನಲ್ಲಿದ್ದರು. ಅವರ ನಾಲಿಗೆಗೆ ಹೆದರದವರು ನಮ್ಮೂರಲ್ಲಿ ಕಡಿಮೆ.

ನಾನು ಮನೆಗೆ ಹೋಗಲಿಲ್ಲ. ನೇರ ರುಸಾಂಕಾಳ ಅಂಗಡಿಗೆ ನಡೆದೆ.

ಬಲ್ಗೇರಿಯದ ಬೇರೆ ಊರುಗಳಂತೆ ನಮ್ಮ ಊರೂ ತನ್ನ ಸತ್ತವರನ್ನು ಬಾಗಿಲುಗಳ ಮೇಲೆ ಇಟ್ಟುಕೊಂಡಿರುತ್ತದೆ. ಸತ್ತ ದಿನ ಒಂದು ನೋಟೀಸು, ನಲವತ್ತನೇ ದಿನ ಒಂದು, ಅರ್ಧ ವರ್ಷಕ್ಕೆ, ವರ್ಷಕ್ಕೆ, ಆಮೇಲೆ ಮನೆಯವರಿಗೆ ನೆನಪು ಒತ್ತಿದಾಗಲೆಲ್ಲ. ಇವನ್ನೆಲ್ಲ ಮಾಡುವವಳು ರುಸಾಂಕಾ. ಪುರಸಭೆಯ ಶವಸಂಸ್ಕಾರ ಕಚೇರಿಯ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಅವಳು ಕೂತು ಎಷ್ಟೋ ವರ್ಷಗಳಾದವು. ಗೋಡೆಯ ಮೇಲೆ ಒಂಬತ್ತು ಪದ್ಯಗಳ ಹಾಳೆ ತೂಗುಹಾಕಿದೆ, ನಂಬರು ಸಮೇತ. ಬಂದವರು ಓದುವುದಿಲ್ಲ. ‘ನಾಲ್ಕು ಹಾಕಿ’ ಅನ್ನುತ್ತಾರೆ. ನಾಲ್ಕು ಎಲ್ಲರಿಗೂ ಹೊಂದುತ್ತದೆ.

ಅವಳ ಕೆಲಸದ ರೀತಿ ನನಗೆ ಚೆನ್ನಾಗಿ ಗೊತ್ತು. ಹೆಸರನ್ನು ಮೂರು ಸಲ ನೋಡುತ್ತಾಳೆ, ಇಸವಿಗಳನ್ನು ಬೆರಳಿಟ್ಟು ಓದುತ್ತಾಳೆ, ಪ್ರಾರ್ಥನೆಯ ಹೊತ್ತನ್ನು ಮನೆಯವರ ಬಾಯಿಂದ ಇನ್ನೊಮ್ಮೆ ಹೇಳಿಸುತ್ತಾಳೆ. ಸತ್ತವನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಊರು ವರ್ಷಗಟ್ಟಲೆ ಮರೆಯುವುದಿಲ್ಲ. ಪದ್ಯವನ್ನು ಮಾತ್ರ ಅವಳು ನೋಡುವುದಿಲ್ಲ. ಅದು ಬದಲಾಗುವುದೇ ಇಲ್ಲವಲ್ಲ.

ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಅವಳು ಕಥೆ ಬರೆಯುತ್ತಾಳೆ. ಇಪ್ಪತ್ತರ ವಯಸ್ಸಿನಿಂದ ಬರೆಯುತ್ತಿದ್ದಾಳೆ. ಆಗ ಒಮ್ಮೆ ಜಿಲ್ಲಾ ಪತ್ರಿಕೆಗೆ ಕಳಿಸಿದ್ದಳು. ಸಂಪಾದಕ ಕರೆದು ಕೂರಿಸಿ, ಕಾಫಿ ಕೊಟ್ಟು, ಕೈ ಚೆನ್ನಾಗಿದೆ ಎಂದನಂತೆ. ‘ಆದ್ರೆ ಇದ್ರಲ್ಲಿ ಆಗೋದೇನು ಹುಡುಗಿ? ಜನ ಕೂರ್ತಾರೆ, ಏಳ್ತಾರೆ, ಊಟ ಮಾಡ್ತಾರೆ’ ಎಂದು ಕೇಳಿದನಂತೆ. ಅವನು ಬೈದಿದ್ದರೆ ಅವಳಿಗೆ ಸಿಟ್ಟು ಬಂದು ಉಪಯೋಗವಾಗುತ್ತಿತ್ತು. ಅವನು ಒಳ್ಳೆಯವನಾಗಿದ್ದ. ಅದಕ್ಕೇ ಆ ಮಾತು ಅವಳೊಳಗೆ ಉಳಿದುಬಿಟ್ಟಿತು.

ಗಂಡ ಮಿಂಚೋ ತಮಾಷೆಯ ಮನುಷ್ಯ. ‘ಈ ಊರಲ್ಲಿ ನನ್ನ ಹೆಂಡ್ತಿಯಷ್ಟು ಅಚ್ಚಾದ ಲೇಖಕಿ ಇನ್ನೊಬ್ಬಳಿಲ್ಲ, ಪ್ರತಿ ಬಾಗಿಲಿಗೂ ಒಂದೊಂದು ಕೃತಿ’ ಎಂದು ಪಾನಗೃಹದಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಾನೆ. ಅವನಿಗೆ ಕೆಟ್ಟ ಮನಸ್ಸಿಲ್ಲ. ಆದರೆ ಅವಳ ಒಂದು ಪುಟವನ್ನೂ ಅವನು ಓದಿಲ್ಲ.

ಅವಳು ಬರೆಯುವುದನ್ನು ನಿಲ್ಲಿಸದಂತೆ ನೋಡಿಕೊಂಡವರು ಯಾರು ಎಂದು ಕೇಳಿದರೆ ಸಾವಾ ಪಾದ್ರಿಗಳ ಹೆಸರನ್ನು ಹೇಳಬೇಕು. ಚರ್ಚಿನ ಹಬ್ಬದ ಹಾಳೆ ಮುದ್ರಿಸಿಕೊಳ್ಳಲು ಬಂದಿದ್ದ ಅವರ ಕೈಗೆ ಪ್ರಿಂಟರಿನಲ್ಲಿ ಉಳಿದಿದ್ದ ಕಥೆಯ ಒಂದು ಹಾಳೆಯೂ ಹೋಯಿತು. ಮರುದಿನ ತಂದುಕೊಟ್ಟರು. ಚೆನ್ನಾಗಿದೆ ಎಂದೂ ಹೇಳಲಿಲ್ಲ, ಚೆನ್ನಾಗಿಲ್ಲ ಎಂದೂ ಹೇಳಲಿಲ್ಲ. ‘ಆಮೇಲೆ ಏನಾಯ್ತು?’ ಎಂದು ಕೇಳಿದರು. ಆ ಪ್ರಶ್ನೆಯ ಬಲದಿಂದಲೇ ಅವಳು ಇನ್ನೊಂದು ಚಳಿಗಾಲ ಬರೆದಳು.

ನಮ್ಮ ಚರ್ಚುಗಳಲ್ಲಿ ಮೇಣದಬತ್ತಿ ಹಚ್ಚಲು ಎರಡು ಮರಳಿನ ತಟ್ಟೆಗಳು. ಮೇಲಿನದು ಬದುಕಿರುವವರಿಗೆ, ಕೆಳಗಿನದು ಸತ್ತವರಿಗೆ. ಒಂದು ಭಾನುವಾರ ರುಸಾಂಕಾ ತನ್ನ ಬರವಣಿಗೆಗೂ ಒಂದು ಬತ್ತಿ ಕೊಂಡಳು. ಎಲ್ಲಿ ನೆಡಬೇಕೆಂದು ತಿಳಿಯದೆ ಪಾದ್ರಿಗಳನ್ನು ಕೇಳಿದಳು. ಅವರು ಸ್ವಲ್ಪ ಯೋಚಿಸಿ, ‘ನಿಂಗೆ ಗೊತ್ತಾಗೋ ತನಕ ಕೈಯಲ್ಲೇ ಹಿಡ್ಕೊಂಡಿರು’ ಎಂದರು. ಅವಳು ಹಾಗೇ ಮಾಡಿದಳು. ಅಂದಿನಿಂದ ಪ್ರಾರ್ಥನೆ ಮುಗಿಯುವವರೆಗೆ ಉರಿಯುವ ಬತ್ತಿ ಹಿಡಿದು ಕಂಬದ ಪಕ್ಕ ನಿಲ್ಲುತ್ತಿದ್ದಳು. ಮೇಣ ಬೆರಳ ಮೇಲೆ ಇಳಿಯುತ್ತಿತ್ತು. ಯಾರಿಗೋ ಹರಕೆ ಇರಬೇಕು ಎಂದು ಜನ ಅಂದುಕೊಂಡಿದ್ದರು.

ಈ ಶರತ್ಕಾಲದಲ್ಲಿ ಓದುಮನೆಯ ಕಾರ್ಯದರ್ಶಿ ಅವಳನ್ನು ಕೇಳಿದರು. ನವೆಂಬರ್ ಮೊದಲ ತಾರೀಕು ನಮ್ಮಲ್ಲಿ ಅಕ್ಷರ ಕಲಿಸಿದವರನ್ನು ನೆನೆಯುವ ದಿನ. ಅಂದಿನ ಕಾರ್ಯಕ್ರಮದಲ್ಲಿ ಊರಿನವರೇ ಬರೆದದ್ದನ್ನು ಓದಬೇಕು, ನೀವೂ ಒಂದು ಓದಿ ಎಂದರು. ಅವಳು ಒಪ್ಪಿಕೊಂಡು ಬಂದು ನನ್ನ ಮನೆಯಲ್ಲಿ ಕೂತಳು. ಈ ಸಲ ಓದಲು ಆಗದೇ ಹೋದರೆ ಇನ್ನು ಬರೆಯುವುದಿಲ್ಲ, ಐವತ್ತೆಂಟರಲ್ಲಿ ಮತ್ತೆ ಮತ್ತೆ ಶುರು ಮಾಡಲಾಗುವುದಿಲ್ಲ ಎಂದಳು. ಬೆದರಿಕೆಯಂತೆ ಹೇಳಲಿಲ್ಲ, ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು. ಅದಕ್ಕೇ ನಾನು ನಂಬಿದೆ.

ನಾನು ಅಂಗಡಿಗೆ ಹೋದಾಗ ಅವಳು ಯಾರದೋ ಮಗುವಿನ ಜನನಪತ್ರದ ನಕಲು ತೆಗೆಯುತ್ತಿದ್ದಳು. ಆ ಗಿರಾಕಿ ಹೋಗುವವರೆಗೆ ಕಾದೆ. ಆಮೇಲೆ ಸ್ತಾಮೆನ್‌ನ ನೋಟೀಸಿನ ಒಂದು ಪ್ರತಿ ಇದೆಯಾ ಎಂದು ಕೇಳಿದೆ. ಅವಳು ತೆಗೆದುಕೊಟ್ಟಳು.

“ಓದು.”

“ಹೆಸರು ಸರಿ ಇದೆ. ಇಸವಿ ಸರಿ ಇದೆ.”

“ಕೆಳಗೆ ಓದು, ರುಸಾಂಕಾ.”

ಅವಳ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಏನಾಯಿತೆಂದು ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬುಧವಾರ ಬೆಳಿಗ್ಗೆ ಅವಳು ಕಥೆಯಲ್ಲಿ ಈ ತುಂಡನ್ನು ಕೊನೆಯಿಂದ ಕತ್ತರಿಸಿ ಮೊದಲಿಗೆ ತರುತ್ತಿದ್ದಳು. ಆಗ ಸ್ತಾಮೆನ್‌ನ ತಮ್ಮ ದೆಲ್ಚೋ ಬಂದು, ಅತ್ತಿಗೆ ನಾಲ್ಕನೇದು ಹಾಕಲು ಹೇಳಿದ್ದಾಳೆ ಎಂದ. ಅವಳು ಪದ್ಯಗಳ ಫೈಲು ತೆರೆದಳು, ನಾಲ್ಕನ್ನು ಆರಿಸಿದಳು. ಅಷ್ಟರಲ್ಲಿ ಫೋನು ಬಂತು. ನಕಲು ಮಾಡುವ ಒಂದು ಗುಂಡಿ ಒತ್ತುವುದು ಉಳಿದುಹೋಯಿತು. ನಾಲ್ಕನೇ ನಂಬರಿನ ಜಾಗದಲ್ಲಿ ಕಂಪ್ಯೂಟರು ತನ್ನ ಬಳಿ ಇದ್ದದ್ದನ್ನು ಅಂಟಿಸಿತು. ಅವಳು ಹೆಸರನ್ನು ಮೂರು ಸಲ ನೋಡಿದಳು. ದೆಲ್ಚೋ ಮೂವತ್ತು ಪ್ರತಿ ತೆಗೆದುಕೊಂಡು ಹೋಗಿ ಊರೆಲ್ಲ ಅಂಟಿಸಿದ. ಅವನೂ ಓದಲಿಲ್ಲ.

“ಕಿತ್ತುಬಿಡೋಣ,” ಎಂದಳು. ಹೇಳಿದ ಕ್ಷಣವೇ ಇಬ್ಬರಿಗೂ ಅದು ಆಗದ ಮಾತೆಂದು ಗೊತ್ತಾಯಿತು.

ಸಾವಿನ ನೋಟೀಸನ್ನು ನಮ್ಮೂರಲ್ಲಿ ಯಾರೂ ಕೀಳುವುದಿಲ್ಲ. ಮಳೆ ಕೀಳಬೇಕು, ಗಾಳಿ ಕೀಳಬೇಕು. ಬಸ್ ನಿಲ್ದಾಣಕ್ಕೆ ಸುಣ್ಣ ಹೊಡೆಸಿದಾಗ ಕೂಲಿಯವರು ನೋಟೀಸುಗಳ ಸುತ್ತಲೇ ಬಳಿದು ಹೋಗಿದ್ದರು, ಚೌಕ ಚೌಕವಾಗಿ ಹಳೆ ಬಣ್ಣ ಈಗಲೂ ಹಾಗೇ ಇದೆ. ಸರಿಯಾದದ್ದನ್ನು ಮುದ್ರಿಸಿ ಮೇಲೆ ಅಂಟಿಸಬಹುದಲ್ಲ ಎಂದೆ. ಅದೂ ಆಗುವುದಿಲ್ಲ. ಸತ್ತವನ ಮುಖದ ಮೇಲೆ ಅದೇ ಮುಖ ಅಂಟಿಸಿದರೆ ಆ ಮನೆಯಿಂದ ಇನ್ನೊಬ್ಬರನ್ನು ಕರೆದ ಹಾಗೆ ಎಂದು ಹಿರಿಯರು ಹೇಳುತ್ತಾರೆ. ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ಆದರೆ ಆ ಮನೆಯಲ್ಲಿ ಉಳಿದಿರುವುದು ವೆಲಿಕಾ ಒಬ್ಬರೇ. ಅವರ ಮಟ್ಟಿಗೆ ಅದನ್ನು ಪರೀಕ್ಷಿಸಿ ನೋಡುವ ಧೈರ್ಯ ನನಗೂ ಇರಲಿಲ್ಲ.

ಇಬ್ಬರೂ ಬಸ್ ನಿಲ್ದಾಣದವರೆಗೆ ಹೋದೆವು. ಅಲ್ಲಿ ಡ್ರೈವರುಗಳು ಮೂವರು ನೋಟೀಸಿನ ಮುಂದೆ ನಿಂತಿದ್ದರು. ಸಾವಿನ ನೋಟೀಸಿನ ಮುಂದೆ ಅಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ. ಒಬ್ಬ ತುಟಿ ಅಲ್ಲಾಡಿಸಿ ಓದುತ್ತಿದ್ದ. ಓದಿ ಮುಗಿಸಿ ಟೋಪಿ ತೆಗೆದು ಮತ್ತೆ ಹಾಕಿಕೊಂಡು, “ಪಾಪ, ವೆಲಿಕಾ ಕೈಗೆ ಸಿಕ್ಕಿದ್ರೆ ಇದನ್ನ ಬರೆದೋರ ಗತಿ ಮುಗೀತು,” ಎಂದ. ಇನ್ನೊಬ್ಬ ನಕ್ಕ. ಮೂರನೆಯವನು ನಗಲಿಲ್ಲ, ತನ್ನ ಬಸ್ಸಿನ ಕಡೆ ನೋಡುತ್ತಿದ್ದ. ರುಸಾಂಕಾ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು.

ಶುಕ್ರವಾರ ಬೆಳಿಗ್ಗೆ ಅವಳು ಚರ್ಚಿಗೆ ಹೋದಳು, ನಾನೂ ಜೊತೆಗಿದ್ದೆ. ಗೇಟಿನ ಮೇಲೂ ಸ್ತಾಮೆನ್ ಇದ್ದ. ಸಾವಾ ಪಾದ್ರಿಗಳು ಅಂಗಳದಲ್ಲಿ ಎಲೆ ಗುಡಿಸುತ್ತಿದ್ದರು. ಅವಳು ಬಾಯಿ ಬಿಡುವ ಮೊದಲೇ, ನೋಟೀಸನ್ನು ಎರಡು ಸಲ ಓದಿದೆ ಎಂದು ಅವರೇ ಹೇಳಿದರು.

“ಕಿತ್ರೆ ಪಾಪಾನಾ ಫಾದರ್?”

“ಪಾಪ ಅಂತ ನಾನು ಯಾವ ಗ್ರಂಥದಲ್ಲೂ ಓದಿಲ್ಲ. ಆದ್ರೆ ಊರು ಓದಿದೆ.” ಪೊರಕೆಯನ್ನು ಗೋಡೆಗೆ ಒರಗಿಸಿದರು. “ಅದ್ರಲ್ಲಿ ಸುಳ್ಳಿದೆಯಾ?”

“ಇಲ್ಲ. ನಮ್ಮನೆ ಕಿಟಕಿಯಿಂದ ನಾನೇ ಕಣ್ಣಾರೆ ಕಂಡದ್ದು. ಎಷ್ಟೋ ವರ್ಷ.”

“ಹಾಗಿದ್ರೆ ನಂಗ್ಯಾಕೆ ಹೇಳ್ತೀಯ? ಅವರ ಹತ್ರ ಹೋಗು.”

ಅವಳಿಗೆ ಹೋಗಲಾಗಲಿಲ್ಲ. ವೆಲಿಕಾರ ಮನೆ ಬಸ್ ತಿರುಗುವ ಬಯಲಿನ ಆಚೆ, ದಿಬ್ಬದ ಮೇಲೆ. ಈಚೆ ರುಸಾಂಕಾಳ ಕಟ್ಟಡ. ನಡುವೆ ಅದೇ ಬೇಲಿ, ಸ್ತಾಮೆನ್ ಬಸ್ ನಿಲ್ಲಿಸುತ್ತಿದ್ದ ಜಾಗ. ಅವಳು ಬೇಲಿಯವರೆಗೆ ಎರಡು ಸಲ ಹೋಗಿ ಬಂದಳೆಂದು ಮಿಂಚೋ ನನಗೆ ಹೇಳಿದ. ಅಂದು ಅವನು ತಮಾಷೆ ಮಾಡಲಿಲ್ಲ. ಅವಳು ಹೋಗುವ ಮೊದಲೇ ಅಲ್ಲಿಂದ ಕರೆ ಬಂತು. ಮಧ್ಯಾಹ್ನ ದೆಲ್ಚೋ ಅಂಗಡಿಯ ಬಾಗಿಲಲ್ಲಿ ನಿಂತು, ಒಳಗೆ ಬರದೆ, ಅವಳ ಮುಖ ನೋಡದೆ ಹೇಳಿದ:

“ನಾಳೆ ಸಮಾಧಿ ಹತ್ರ ಬರ್ಬೇಕಂತೆ. ಅತ್ತಿಗೆ ಹೇಳಿ ಕಳ್ಸಿದ್ದಾಳೆ. ನೀನೇ ಬರ್ಬೇಕಂತೆ, ಗಂಡನ್ನ ಕಳಿಸಬಾರ್ದಂತೆ.”

“ಏನಂದ್ರು, ದೆಲ್ಚೋ? ಸಿಟ್ಟಲ್ಲಿದಾರಾ?”

“ಅತ್ತಿಗೆ ಮಾತಾಡ್ತಿಲ್ಲ,” ಎಂದ. ವೆಲಿಕಾ ಮಾತಾಡುತ್ತಿಲ್ಲ ಎನ್ನುವುದು ಅವನಿಗೂ ಹೆದರಿಕೆ ಹುಟ್ಟಿಸಿತ್ತು.

ಸಂಜೆ ರುಸಾಂಕಾ ಒಂದು ಬಟ್ಟೆಚೀಲ ತಂದು ನನ್ನ ಅಡುಗೆಮನೆಯ ಮೇಜಿನ ಮೇಲಿಟ್ಟಳು. ಅದರಲ್ಲಿ ಅವಳ ಎಲ್ಲ ಕಥೆಗಳಿದ್ದವು. ಕಾರ್ಯದರ್ಶಿಗೆ ಫೋನು ಮಾಡಿ ಭಾನುವಾರ ಬರುವುದಿಲ್ಲ ಎಂದು ಹೇಳಿಬಿಡುತ್ತೇನೆ, ಈ ಚೀಲ ನಿನ್ನ ಬಳಿ ಇರಲಿ, ಕೇಳಿದರೂ ತಿರುಗಿ ಕೊಡಬೇಡ ಎಂದಳು. ಆ ಹೆಂಗಸು ಗಂಡನನ್ನು ಕಳೆದುಕೊಂಡು ತಿಂಗಳು ಕಳೆದಿದೆ ಅಷ್ಟೇ, ತಾನು ಅವಳ ಸಂಸಾರವನ್ನು ಮರಕ್ಕೆ ಅಂಟಿಸಿದೆ, ಬರೆಯುವ ಚಟ ಇಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ ಎಂದಳು. ಜಿಲ್ಲಾ ಪತ್ರಿಕೆಯ ಆ ಸಂಪಾದಕನೇ ಸರಿ. ಕೂತಿರುವ ಮನುಷ್ಯನನ್ನು ಕೂರಲು ಬಿಟ್ಟುಬಿಡಬೇಕಿತ್ತಂತೆ.

ನನಗೆ ಸಮಾಧಾನದ ಮಾತು ಸರಿಯಾಗಿ ಬರುವುದಿಲ್ಲ. ನನಗೆ ಗೊತ್ತಿರುವುದು ಮೊಸರು. “ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲ್ಲಾಡಿಸ್ಬಾರ್ದು,” ಎಂದೆ. “ಆಗಿದ್ಯೋ ಇಲ್ವೋ ಅಂತ ಮಧ್ಯದಲ್ಲಿ ಚಮಚ ಹಾಕಿ ನೋಡಿದ್ರೆ ಆಗೋದೂ ಕೆಡುತ್ತೆ. ನಾಳೆ ಅವರೇನು ಹೇಳ್ತಾರೆ ಕೇಳೋಣ. ಆಮೇಲೆ ಫೋನ್ ಮಾಡು.”

“ಇಸ್ಕ್ರಾ, ನೀನು ಎಲ್ಲದಕ್ಕೂ ಡೈರಿಗೇ ಹೋಗ್ತೀಯ.”

“ಬೇರೆ ಕಡೆ ನಂಗೆ ಕೆಲಸ ಸಿಗ್ಲಿಲ್ಲ.”

ಅವಳು ನಗಲಿಲ್ಲ. ಆದರೆ ಫೋನೂ ಮಾಡಲಿಲ್ಲ. ಚೀಲವನ್ನು ಬಿಟ್ಟು ಹೋದಳು.

ಶನಿವಾರ ಮೋಡವಿತ್ತು, ಮಳೆಯಿರಲಿಲ್ಲ. ಸಮಾಧಿಯ ಸುತ್ತ ಸಂಬಂಧಿಕರು, ಡ್ರೈವರುಗಳು, ಬೆಟ್ಟದ ಹಳ್ಳಿಗಳಿಂದ ಅವನ ಬಸ್ಸಿನಲ್ಲೇ ಜೀವನಪೂರ್ತಿ ಓಡಾಡಿದ ಮುದುಕಿಯರು. ಜನ ಎಂದಿಗಿಂತ ಹೆಚ್ಚಿದ್ದರು. ಕೆಲವರು ಸ್ತಾಮೆನ್‌ಗಾಗಿ ಬಂದಿದ್ದರು, ಕೆಲವರು ಏನಾಗುತ್ತದೆಂದು ನೋಡಲು. ಪಾದ್ರಿಗಳು ಸಮಾಧಿಯ ಮೇಲೆ ವೈನ್ ಸುರಿದು ಪ್ರಾರ್ಥನೆ ಮುಗಿಸಿದರು. ವೆಲಿಕಾ ಕಪ್ಪು ಸ್ಕಾರ್ಫು ಬಿಗಿದುಕೊಂಡು ನೆಟ್ಟಗೆ ನಿಂತಿದ್ದರು, ಅಳಲಿಲ್ಲ.

ಆಮೇಲೆ ಅವರು ದೊಡ್ಡ ಬೋಗುಣಿ ಹಿಡಿದು ಬೇಯಿಸಿದ ಗೋಧಿ ಹಂಚತೊಡಗಿದರು. ಸಕ್ಕರೆ ಪುಡಿ, ಅಕ್ರೋಟು ಹಾಕಿದ ಗೋಧಿ. ಪ್ರತಿಯೊಬ್ಬರ ಕಾಗದದ ಲೋಟಕ್ಕೂ ಒಂದೊಂದು ಚಮಚ. ತೆಗೆದುಕೊಂಡವರು ‘ದೇವರು ಅವನನ್ನು ಕ್ಷಮಿಸಲಿ’ ಎಂದು ಸತ್ತವನಿಗಾಗಿ ಹೇಳಬೇಕು. ಸಾಲಿನಲ್ಲಿ ನನಗೆ ಹಾಕಿದರು. ನನ್ನ ಪಕ್ಕದಲ್ಲಿ ರುಸಾಂಕಾ ಲೋಟ ಚಾಚಿಕೊಂಡು ನಿಂತಿದ್ದಳು. ಅವಳನ್ನು ದಾಟಿ ಮುಂದಿನವರಿಗೆ ಹಾಕಿದರು.

ಅದನ್ನು ಎಲ್ಲರೂ ನೋಡಿದರು. ರುಸಾಂಕಾ ಖಾಲಿ ಲೋಟವನ್ನು ಕೆಳಗಿಳಿಸಲೂ ಇಲ್ಲ, ಮತ್ತಷ್ಟು ಚಾಚಲೂ ಇಲ್ಲ. ನಮ್ಮಲ್ಲಿ ಶತ್ರುವಿಗೂ ಸಾವಿನ ಗೋಧಿ ತಪ್ಪಿಸುವುದಿಲ್ಲ. ಅವಳು ಹೊರಟುಬಿಡುತ್ತಾಳೆ ಅಂದುಕೊಂಡೆ. ಅವಳು ನಿಂತಿದ್ದಳು. ಇದು ತನಗೆ ಬರಬೇಕಾದದ್ದೇ ಎನ್ನುವ ಹಾಗೆ ನಿಂತಿದ್ದಳು.

ಬೋಗುಣಿ ತಳ ಕಂಡ ಮೇಲೆ ವೆಲಿಕಾ ಅದನ್ನು ದೆಲ್ಚೋನ ಕೈಗೆ ಕೊಟ್ಟು ನಮ್ಮ ಮುಂದೆ ಬಂದು ನಿಂತರು. ಕೋಟಿನ ಜೇಬಿನಿಂದ ಮಡಿಸಿದ ಕಾಗದ ತೆಗೆದು ಬಿಡಿಸಿದರು. ಅದು ಅವರ ಸ್ವಂತ ಬಾಗಿಲ ಮೇಲಿದ್ದ ನೋಟೀಸು. ನಾಲ್ಕು ಮೂಲೆಗಳಲ್ಲೂ ಟೇಪು ಹಾಗೇ ಇತ್ತು. ಅದನ್ನು ಕಿತ್ತವರು ಅವರೇ. ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಶಿಲುಬೆಯ ಗುರುತು ಹಾಕಿಕೊಂಡಳು.

“ಇದನ್ನ ಬರೆದೋಳು ನೀನು.”

“ನಾನೇ, ಅಕ್ಕಾ. ಕಂಪ್ಯೂಟರಲ್ಲಿ...”

“ಕಂಪ್ಯೂಟರ್ ಕಥೆ ಬೇಡ. ಓದು.”

“ಅಕ್ಕಾ...”

“ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ. ಜೋರಾಗಿ ಓದು.”

ರುಸಾಂಕಾ ಕಾಗದ ತೆಗೆದುಕೊಂಡಳು. ಕೊನೆಯ ಪ್ರಯಾಣಿಕ ಇಳಿದ ಮೇಲೆ ಎಂದು ಶುರು ಮಾಡಿ ನಿಲ್ಲಿಸಿದಳು. ಇನ್ನೊಮ್ಮೆ ಮೊದಲಿನಿಂದ ಶುರು ಮಾಡಿದಳು. ಓದುಮನೆಯ ವೇದಿಕೆಗೆಂದು ನನ್ನೆದುರು ಅಭ್ಯಾಸ ಮಾಡಿದ್ದ ಧ್ವನಿ ಅದಲ್ಲ. ಒಂದೊಂದು ಪದವನ್ನೂ ನೆಲದಿಂದ ಎತ್ತುವಂತೆ ಓದುತ್ತಿದ್ದಳು. ದೀಪಗಳನ್ನೆಲ್ಲ ಆರಿಸುತ್ತಿದ್ದ ಎಂಬಲ್ಲಿಗೆ ಬಂದಾಗ ವೆಲಿಕಾ ಅಂಗೈಯನ್ನು ಕಾಗದದ ಮೇಲಿಟ್ಟರು.

“ಇಲ್ಲಿ ನಿಲ್ಲು. ದೀಪ ಆರಿಸ್ತಿರ್ಲಿಲ್ಲ.”

ರುಸಾಂಕಾ ತಲೆಯೆತ್ತಿದಳು.

“ಎಲ್ಲಾ ಆರಿಸ್ತಿರ್ಲಿಲ್ಲ,” ಎಂದರು ವೆಲಿಕಾ. “ತಲೆ ಮೇಲೊಂದು ಪುಟ್ಟ ದೀಪ ಇರುತ್ತೆ, ಡ್ರೈವರ್‌ದು. ಅದನ್ನ ಉರಿಸ್ಕೊಂಡೇ ಕೂರ್ತಿದ್ದ. ನಾನು ಕಿಟಕೀಲಿ ನಿಂತು ನೋಡ್ತಿದ್ದೆ. ಅದು ಆರಿದ ಮೇಲೆ ಸೂಪು ಒಲೆ ಮೇಲಿಡ್ತಿದ್ದೆ. ಅವನು ದಿಬ್ಬ ಹತ್ತಿ ಬರೋ ಹೊತ್ತಿಗೆ ಬಿಸಿಯಾಗಿರೋದು.”

ನಾನು ಮನಸ್ಸಿನಲ್ಲೇ ಬಯಲನ್ನು ಚಿತ್ರಿಸಿಕೊಂಡೆ. ಬಸ್ಸು ನಿಲ್ಲುತ್ತಿದ್ದದ್ದು ದಿಬ್ಬಕ್ಕೆ ಮುಖ ಮಾಡಿ. ರುಸಾಂಕಾಳ ಕಿಟಕಿಗೆ ಕಾಣುತ್ತಿದ್ದದ್ದು ಅದರ ಬೆನ್ನು. ಡ್ರೈವರನ ಸೀಟಿನ ಹಿಂದೆ ಪರದೆ ಇರುತ್ತಿತ್ತು. ಈಚೆಯಿಂದ ಅದು ಕತ್ತಲೆಯೇ. ಅವಳಿಗೆ ಗೊತ್ತಾಗುತ್ತಿದ್ದದ್ದು ಅವನು ಇಳಿಯುವ ಹೊತ್ತು, ಬೆಳಿಗ್ಗೆ ಬೇಲಿಯ ಪಕ್ಕ ಬಿದ್ದಿರುತ್ತಿದ್ದ ಸಿಪ್ಪೆ, ಅಷ್ಟೇ.

“ನಮ್ಮ ಕಡೆಗೆ ಕಾಣ್ತಿರ್ಲಿಲ್ಲ, ಅಕ್ಕಾ,” ಎಂದಳು ರುಸಾಂಕಾ, ತೀರ ಸಣ್ಣ ಧ್ವನಿಯಲ್ಲಿ.

“ಕಾಣದಿದ್ರೆ ಕೇಳ್ಬೇಕಿತ್ತು. ಬಯಲು ದಾಟಿದ್ರೆ ಮನೆ.” ವೆಲಿಕಾ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು, ಕನ್ನಡಕವಿಲ್ಲದೆಯೇ. “ಗುರುವಾರ ಸಂಜೆ ಇದನ್ನ ಓದಿ ನಿನ್ನ ಅಂಗಡಿಗೆ ಕಲ್ಲು ಹೊಡೀಬೇಕು ಅನ್ಸಿತ್ತು. ಊರಿಗೆಲ್ಲ ಗೊತ್ತಾಯ್ತಲ್ಲ, ಸ್ತಾಮೆನ್ ಮನೆಗೆ ಬರೋಕೆ ಹೆದರ್ತಿದ್ದ ಅಂತ. ಹರಿದುಹಾಕೋಣ ಅಂತ ಕಿತ್ತೆ. ಹರೀಲಿಲ್ಲ. ಇನ್ನೊಂದ್ಸಲ ಓದ್ದೆ. ಹೆದರ್ತಿದ್ದ, ಹೌದು. ಗಂಡಸು ಸ್ವಲ್ಪ ಹೆದರ್ಬೇಕು. ಆದ್ರೆ ನೀನು ಅವನನ್ನ ಕತ್ತಲಲ್ಲಿ ಕೂರಿಸಿದೀಯ. ಅದು ನಂಗೆ ತಡೀಲಿಲ್ಲ. ಅವನು ಕತ್ತಲಲ್ಲಿ ಕೂರ್ತಿರ್ಲಿಲ್ಲ.”

ಅವರ ಗಲ್ಲ ಒಮ್ಮೆ ನಡುಗಿತು. ಅದನ್ನು ಅವರೇ ಸ್ಕಾರ್ಫಿನ ತುದಿಯಿಂದ ಒತ್ತಿ ನಿಲ್ಲಿಸಿದರು.

“ನಾಳೆ ಓದ್ತೀಯಂತೆ, ಓದುಮನೇಲಿ, ಕಾರ್ಯದರ್ಶಿ ಹೇಳಿದ್ರು. ಹೆಸರು ಬದಲಾಯಿಸಿ.”

“ಓದಲ್ಲ, ಅಕ್ಕಾ. ಬೇಡ ಅಂತ...”

“ಯಾಕೆ, ಅವನಿಗೆ ಹೆಸರಿರ್ಲಿಲ್ವಾ? ಹೆಸರು ಹಾಕು. ದೀಪ ಸರಿ ಮಾಡು. ಅರ್ಧ ವರ್ಷದ ನೋಟೀಸಿಗೂ ಇದನ್ನೇ ಹಾಕ್ತೀಯ, ದೀಪದ ಸಮೇತ. ನಂಗೆ ನಾಲ್ಕು ಬೇಡ. ನಾಲ್ಕು ಬೇಕರಿಯವನಿಗೂ ಹಾಕಿದ್ರು.”

ಆಮೇಲೆ ಅವರು ದೆಲ್ಚೋನ ಕೈಯಲ್ಲಿದ್ದ ಬೋಗುಣಿಯ ತಳವನ್ನು ಕೆರೆದರು. ಒಂದು ಚಮಚದಷ್ಟು ಗೋಧಿ ಉಳಿದಿತ್ತು. ಅಥವಾ ಉಳಿಸಿದ್ದರೋ, ನನಗೆ ಗೊತ್ತಿಲ್ಲ. ರುಸಾಂಕಾಳ ಲೋಟಕ್ಕೆ ಹಾಕಿದರು.

“ದೇವರು ಅವನನ್ನು ಕ್ಷಮಿಸಲಿ,” ಎಂದಳು ರುಸಾಂಕಾ. ಗೋಧಿಯನ್ನು ಅಲ್ಲೇ ನಿಂತು ತಿಂದಳು, ಕಣ್ಣಿಂದ ನೀರು ಸುರಿಯುತ್ತಿತ್ತು. ಸಾವಾ ಪಾದ್ರಿಗಳು ಪುಸ್ತಕ ಚೀಲಕ್ಕೆ ಹಾಕುತ್ತ ಬೇರೆ ಕಡೆ ನೋಡುತ್ತಿದ್ದರು.

ಅಂದು ಮಧ್ಯಾಹ್ನ ಅವಳು ನನ್ನ ಮನೆಗೆ ಬಂದು ಚೀಲ ಕೇಳಿದಳು. ಕೇಳಿದರೂ ಕೊಡಬೇಡ ಅಂದಿದ್ದೆಯಲ್ಲ ಎಂದೆ. “ಸುಮ್ನೆ ಕೊಡೇ,” ಎಂದಳು. ಅಂಗಡಿ ಮುಚ್ಚಿದ್ದರೂ ಒಳಗೆ ಕೂತು ಆ ಒಂದು ಸಾಲನ್ನು ತಿದ್ದಿದಳು. ಆಮೇಲೆ ಇಡೀ ಕಥೆ ಮುದ್ರಿಸಿ ಬೆರಳಿಟ್ಟು ಓದಿದಳು. ಸತ್ತವರ ಹೆಸರನ್ನು ಓದುವ ಹಾಗೆ, ಮೂರು ಸಲ.

ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಅವಳು ಎಂದಿನಂತೆ ಕಂಬದ ಪಕ್ಕ ನಿಂತಿದ್ದಳು. ಕೈ ಖಾಲಿಯಿತ್ತು. ಎರಡು ತಟ್ಟೆಗಳಲ್ಲೂ ಬತ್ತಿಗಳು ತುಂಬ ಉರಿಯುತ್ತಿದ್ದವು. ಯಾವುದು ಅವಳದು ಎಂದು ಹುಡುಕಲು ಹೋಗಲಿಲ್ಲ, ಕೇಳಲೂ ಇಲ್ಲ.

ಸಂಜೆ ಓದುಮನೆಯ ಸಭಾಂಗಣದಲ್ಲಿ ಕುರ್ಚಿ ಸಾಲಲಿಲ್ಲ. ಶಾಲೆಯ ಮಕ್ಕಳು ಹಾಡಿದರು, ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಪದ್ಯಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಓದಿದರು. ಡ್ರೈವರುಗಳು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು, ಅವರು ಓದುಮನೆಗೆ ಬಂದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಮಿಂಚೋ ಮೂಲೆಯಲ್ಲಿದ್ದ, ಟೈ ಕಟ್ಟಿಕೊಂಡಿದ್ದ. ವೆಲಿಕಾ ಎರಡನೇ ಸಾಲಿನಲ್ಲಿ ಕಪ್ಪು ಸ್ಕಾರ್ಫಿನಲ್ಲಿ, ಈ ಸಲ ಕನ್ನಡಕ ಹಾಕಿಕೊಂಡು ಕೂತಿದ್ದರು.

ರುಸಾಂಕಾ ವೇದಿಕೆ ಹತ್ತಿದಳು. ಕಾಗದವನ್ನು ಮೇಜಿನ ಮೇಲಿಟ್ಟು ಎರಡು ಕೈಗಳಿಂದ ಒತ್ತಿ ಹಿಡಿದಳು. ಮೈಕು ಒಮ್ಮೆ ಕಿರುಚಿತು. ಸ್ತಾಮೆನ್ ಎಂಬ ಹೆಸರಿನಿಂದಲೇ ಶುರು ಮಾಡಿದಳು.

‘ದೀಪಗಳನ್ನೆಲ್ಲ ಆರಿಸಿ, ತನ್ನ ತಲೆಯ ಮೇಲಿನ ಪುಟ್ಟ ದೀಪವನ್ನು ಮಾತ್ರ ಉಳಿಸಿಕೊಂಡು ಕೂರುತ್ತಿದ್ದ. ದಿಬ್ಬದ ಮೇಲಿನ ಕಿಟಕಿಗೆ ಮಾತ್ರ ಅದು ಕಾಣುತ್ತಿತ್ತು.’ ಅಷ್ಟು ಓದಿ ಅವಳು ಕತ್ತೆತ್ತಿ ಎರಡನೇ ಸಾಲಿನ ಕಡೆ ನೋಡಿದಳು. ವೆಲಿಕಾ ಅಲ್ಲಾಡಲಿಲ್ಲ. ರುಸಾಂಕಾ ಮುಂದೆ ಓದಿದಳು. ‘ಕುಂಬಳದ ಬೀಜ ತಿನ್ನುತ್ತಿದ್ದ...’

“ಸೂರ್ಯಕಾಂತಿ,” ಎಂದರು ವೆಲಿಕಾ, ಕೂತಲ್ಲಿಂದಲೇ.

“ಬೇಸಿಗೇಲಿ ಸೂರ್ಯಕಾಂತಿ, ಅಕ್ಕಾ,” ಎಂದ ಹಿಂದಿನ ಗೋಡೆಯ ಹತ್ತಿರದಿಂದ ಒಬ್ಬ ಡ್ರೈವರ್. “ಚಳಿಗಾಲದಲ್ಲಿ ಕುಂಬಳ. ನಂಗೂ ಕೊಡ್ತಿದ್ದ.”

“ನಿಂಗೆ ಕೊಡ್ತಿದ್ನಾ? ಮನೇಗೊಂದು ಬೀಜ ತಂದವನಲ್ಲ.”

ಸಭೆಯಲ್ಲಿ ನಗು ಹರಡಿತು. ಕಾರ್ಯದರ್ಶಿ ಗಾಬರಿಯಿಂದ ಎದ್ದು ನಿಂತರು. ರುಸಾಂಕಾಳ ಕುತ್ತಿಗೆ ಕೆಂಪಾಗಿತ್ತು, ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. ಅವಳು ನಗು ತಣ್ಣಗಾಗುವವರೆಗೆ ಕಾದಳು. ಆಮೇಲೆ ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದು, ಆ ಸಾಲಿನ ಪಕ್ಕ ಏನೋ ಗುರುತು ಹಾಕಿಕೊಂಡಳು. ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿದಳು. ಮುಂದಿನ ಸಾಲು ಓದಿದಳು.